ಅಮೆರಿಕದ ಎಂಪಿಒ: ಪಟ್ಟಿ ಗಟ್ಟಿ, ಕೈಯಲ್ಲಿ ಕಾಸು ಕಡಿಮೆ

ಅಮೆರಿಕದಲ್ಲಿ 50,000ಕ್ಕಿಂತ ಹೆಚ್ಚು ಜನರಿರುವ ಪ್ರತಿ ನಗರ ಪ್ರದೇಶಕ್ಕೂ ಎಂಪಿಒ, ಅಂದರೆ ಮಹಾನಗರ ಸಾರಿಗೆ ಯೋಜನಾ ಮಂಡಳಿ, ಕಡ್ಡಾಯ. ಇದು ರಸ್ತೆ ಹಾಕುವುದಿಲ್ಲ. ಫೆಡರಲ್ ಹಣ ಯಾವ ಕಾಮಗಾರಿಗೆ ಹೋಗಬೇಕೆಂದು ಪಟ್ಟಿ ಮಾಡುತ್ತದೆ. ಆ ಪಟ್ಟಿಯೇ ಟಿಐಪಿ. ಅದು ಕನಿಷ್ಠ 4 ವರ್ಷದ್ದು. ಹಣ ಎಲ್ಲಿಂದ ಬರುತ್ತದೆಂದು ತೋರಿಸದ ಕೆಲಸಕ್ಕೆ ಅದರಲ್ಲಿ ಜಾಗವಿಲ್ಲ. ಈ ಕಟ್ಟುನಿಟ್ಟು ನನಗೆ ತುಂಬಾ ಮೆಚ್ಚುಗೆ: ಬರೀ ಭರವಸೆಗಳು ಇಲ್ಲೇ ಸೋಸಿಹೋಗುತ್ತವೆ.

ತೊಂದರೆಯಿರುವುದು ಮಂಡಳಿಯ ಸ್ವಂತ ಖರ್ಚಿನಲ್ಲಿ. ಯೋಜನೆ ರೂಪಿಸುವ ಈ ವೆಚ್ಚದ ಸಾಮಾನ್ಯವಾಗಿ 80% ಫೆಡರಲ್ ಸರ್ಕಾರದ್ದು, ಉಳಿದದ್ದು ರಾಜ್ಯ ಅಥವಾ ಸ್ಥಳೀಯರದ್ದು. ಆದರೆ ಮೊದಲು ಖರ್ಚು ಮಾಡಿ, ಬಿಲ್ ಕೊಟ್ಟು, ರಾಜ್ಯ ಸಾರಿಗೆ ಇಲಾಖೆಯ ಮೂಲಕ ವಾಪಸ್ ಪಡೆಯಬೇಕು. ಬಿಲ್ ತಡವಾದರೆ ಸಣ್ಣ ಮಂಡಳಿಯಲ್ಲಿ ಸಂಬಳಕ್ಕೇ ತತ್ವಾರ. ನಾಗರಿಕರು ಕರಡು ಟಿಐಪಿ ಹೊರಬಂದಾಗಲೇ ಆಕ್ಷೇಪಣೆ ಸಲ್ಲಿಸಬೇಕು. ಮಂಡಳಿ ಆ ಪಟ್ಟಿಗೆ ಮತ ಹಾಕುವ ದಿನ ಹೋಗಿ ಮಾತಾಡಿದರೆ ಪಟ್ಟಿ ಬದಲಾಗುವುದು ಅಪರೂಪ.