ವೆಬ್‌ಕಾಮಿಕ್‌ನ ಚಿತ್ರಗಳಿಗೆ ದುಡ್ಡು ಕೊಟ್ಟು ಪಡೆದ ವಿಮರ್ಶೆ

ಕಾರವಾರದ ಬೈತಖೋಲ ಬಂದರನ್ನು ಹಿನ್ನೆಲೆಯಾಗಿಟ್ಟುಕೊಂಡು ನಾನು ಹೊಸದಾಗಿ ಆರಂಭಿಸಿರುವ ವೆಬ್‌ಕಾಮಿಕ್‌ನ ಮೊದಲ ಅಧ್ಯಾಯವನ್ನು ಓದಿದ ಸ್ನೇಹಿತರೆಲ್ಲ ‘ಚೆನ್ನಾಗಿದೆ’ ಎಂದರು. ಚಿತ್ರಗಳಲ್ಲಿ ಏನು ಸರಿಯಿಲ್ಲ ಎಂದು ಒತ್ತಾಯಿಸಿ ಕೇಳಿದರೆ ಮಾತು ಕತೆಯ ಕಡೆಗೆ ಹೊರಳುತ್ತಿತ್ತೇ ಹೊರತು ಗೆರೆಯ ಬಗ್ಗೆ, ಬಣ್ಣದ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಚಿತ್ರಗಳನ್ನು ಪರಿಶೀಲಿಸಿ ತಿದ್ದುಪಡಿ ಸೂಚಿಸುವ ಆನ್‌ಲೈನ್ ಸೇವೆಯೊಂದಕ್ಕೆ 1,800 ರೂಪಾಯಿ ಕಟ್ಟಿ ಹನ್ನೆರಡು ಪುಟಗಳನ್ನು ಕಳಿಸಿದೆ. ಮುಂದೆ ದೂರುಗಳೂ ಬರುವುದರಿಂದ ಆ ಸೇವೆಯ ಹೆಸರನ್ನು ಇಲ್ಲಿ ಹೇಳುತ್ತಿಲ್ಲ.

ಆರನೆಯ ದಿನ 22 ನಿಮಿಷಗಳ ವಿಡಿಯೊ ಮತ್ತು ನನ್ನ ಮೂರು ಪುಟಗಳ ಮೇಲೆಯೇ ಕೆಂಪು ಗೆರೆಯಲ್ಲಿ ತಿದ್ದಿದ ಪ್ರತಿಗಳು ಬಂದವು. ವಿಮರ್ಶಕರು ಮೊದಲು ಮಾಡಿದ ಕೆಲಸವೆಂದರೆ ನನ್ನ ನಾಲ್ಕನೆಯ ಪುಟದ ಬಣ್ಣವನ್ನೆಲ್ಲ ತೆಗೆದು ಬರಿಯ ಬೂದು ಛಾಯೆಯಲ್ಲಿ ತೋರಿಸಿದ್ದು. ಮೀನಿನ ಬುಟ್ಟಿ ಹೊತ್ತು ದಂಡೆಯಲ್ಲಿ ನಿಂತ ನನ್ನ ನಾಯಕಿ ಕುತ್ತಿಗೆಯಿಂದ ಕೆಳಗೆ ಮಾಯವಾಗಿಬಿಟ್ಟಿದ್ದಳು. ಅವಳ ಹಸಿರು ಸೀರೆಗೂ ಹಿಂದಿನ ಮಳೆಗಾಲದ ಕಡಲಿಗೂ ನಾನು ಬೇರೆ ಬೇರೆ ಬಣ್ಣ ಹಚ್ಚಿದ್ದೆನಾದರೂ ಎರಡರ ಕಡುಪು, ಅಂದರೆ ಬಣ್ಣ ಎಷ್ಟು ಗಾಢ ಎಷ್ಟು ತಿಳಿ ಎಂಬುದು, ಒಂದೇ ಆಗಿತ್ತು. ತಿಂಗಳುಗಟ್ಟಲೆ ಆ ಪುಟವನ್ನು ನೋಡುತ್ತ ಕುಳಿತಿದ್ದ ನನ್ನ ಕಣ್ಣಿಗೆ ಇದು ಒಮ್ಮೆಯೂ ಬಿದ್ದಿರಲಿಲ್ಲ. ಕಟ್ಟಿದ ಹಣದ ಬಹುಪಾಲು ಈ ಒಂದೇ ನಿಮಿಷದಲ್ಲಿ ವಸೂಲಾಯಿತು ಎನ್ನಬಹುದು. ಈಗ ನಾನು ಚಿತ್ರ ಬಿಡಿಸಲು ಬಳಸುವ ಕ್ರಿತಾ (Krita) ತಂತ್ರಾಂಶದಲ್ಲಿ ಎಲ್ಲ ಪದರಗಳ ಮೇಲೊಂದು ಕಪ್ಪು ಪದರ ಹಾಕಿ, ಅದು ಕೆಳಗಿನ ಪದರಗಳೊಡನೆ ಬೆರೆಯುವ ವಿಧಾನವನ್ನು (ಬ್ಲೆಂಡಿಂಗ್ ಮೋಡ್) ‘ಕಲರ್’ ಎಂದು ಬದಲಿಸಿ, ಪ್ರತಿ ಪುಟವನ್ನೂ ಬೂದಾಗಿಸಿ ನೋಡಿದ ಮೇಲೆಯೇ ಮುಂದುವರಿಯುತ್ತೇನೆ.

ವಿಡಿಯೊ ನೋಡಿದ ಮರುವಾರ ಶಿರಸಿಗೆ ಹೋದಾಗ ನಮ್ಮ ಕಡೆಯ ಗುಡಿಗೋಡೆಗಳ ಕಾವಿ ಕಲೆ ನೆನಪಾಗಿ ಕೊಂಚ ನಾಚಿಕೆಯಾಯಿತು. ಬಿಳಿ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರವೊಂದನ್ನು ಬಳಿದು, ಹಸಿಯಿರುವಾಗಲೇ ಕೆರೆದು ಬಿಳಿಯನ್ನು ಹೊರತೆಗೆಯುವ ಆ ಚಿತ್ರಗಳಲ್ಲಿ ಇರುವುದು ಕೆಂಪು, ಬಿಳಿ ಎರಡೇ. ಆದರೂ ದೇವರು ಯಾವುದು, ಬಳ್ಳಿ ಯಾವುದು ಎಂಬ ಗೊಂದಲ ನೋಡುವವರಿಗೆ ಹುಟ್ಟುವುದಿಲ್ಲ. ಹದಿನಾಲ್ಕು ಬಣ್ಣ ಬಳಸಿಯೂ ನನಗದು ಸಾಧ್ಯವಾಗಿರಲಿಲ್ಲ.

ಅಂಗರಚನೆ, ಕೈಬೆರಳು, ಗೆರೆಯ ದಪ್ಪ–ತೆಳುವಿನ ಕುರಿತ ಸಲಹೆಗಳು ಯೋಗ್ಯವಾಗಿದ್ದರೂ ಯಾವ ಪುಸ್ತಕದಲ್ಲಾದರೂ ಸಿಗುವಂಥವು.

ಅಕ್ಷರಗಳ ವಿಷಯಕ್ಕೆ ಬಂದಾಗ ಸೇವೆ ಸೋತಿತು. ಮಾತಿನ ಗುಳ್ಳೆಗಳಲ್ಲಿ ಸಾಲುಗಳ ನಡುವೆ ಜಾಗ ಹೆಚ್ಚಾಯಿತು, ಅವನ್ನು ಹತ್ತಿರ ತಂದು ಗುಳ್ಳೆಯನ್ನು ಚಿಕ್ಕದು ಮಾಡಿ ಎಂಬುದು ಅವರ ಸೂಚನೆ. ದೊಡ್ಡಕ್ಷರಗಳಲ್ಲೇ ಬರೆಯುವ ಇಂಗ್ಲಿಷ್ ಕಾಮಿಕ್‌ಗೆ ಅದು ಸರಿಹೋದೀತು. ಅಲ್ಲಿ ಸಾಲಿನಿಂದ ಕೆಳಗೆ ಇಳಿಯುವುದು ಏನೂ ಇರುವುದಿಲ್ಲ. ನನ್ನ ಗುಳ್ಳೆಯಲ್ಲಿದ್ದ ಮಾತು ‘ಮತ್ಸ್ಯಗಂಧ ಬಂತು’ ಎಂದು. ಆ ರೈಲಿನ ಹೆಸರಿನ ಎರಡನೆಯ ಅಕ್ಷರಕ್ಕೇ ಎರಡು ಒತ್ತುಗಳಿವೆ. ಅವರು ಹೇಳಿದಂತೆ ಸಾಲುಗಳನ್ನು ಒತ್ತಾಗಿಸಿ 800 ಪಿಕ್ಸೆಲ್ ಅಗಲದ ಪುಟವನ್ನು ಫೋನಿನಲ್ಲಿ ತೆರೆದು ನೋಡಿದೆ: ಸಕಾರದ ಒತ್ತು, ಯಕಾರದ ಒತ್ತು ಎರಡೂ ಕೆಳಸಾಲಿನ ತಲೆಕಟ್ಟಿಗೆ ಸಿಕ್ಕಿಕೊಂಡು ಗಂಟಾಗಿದ್ದವು. ಸಾಲುಗಳ ಅಂತರವನ್ನು ಮೊದಲಿದ್ದಂತೆಯೇ ಉಳಿಸಿಕೊಂಡೆ.

ಇನ್ನೊಂದು ತಿದ್ದುಪಡಿಯನ್ನು ನೆನೆದರೆ ಈಗಲೂ ನಗು ಬರುತ್ತದೆ. ನನ್ನ ಕತೆ ನಡೆಯುವುದು ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ 61 ದಿನಗಳಲ್ಲಿ; ಯಾಂತ್ರಿಕ ಬೋಟುಗಳೆಲ್ಲ ದಕ್ಕೆಗೆ ಕಟ್ಟಿ ನಿಂತಿರುವಾಗ ನಾಯಕಿಯ ಅಣ್ಣ ಸಣ್ಣ ನಾಡದೋಣಿಯಲ್ಲಿ ಹೊರಡುತ್ತಾನೆ. ಆ ದೋಣಿ ಮಗುಚದಂತೆ ಒಂದು ಬದಿಯಲ್ಲಿ ಅಡ್ಡಗೋಲುಗಳ ತುದಿಗೆ ತೇಲುವ ಮರದ ದಿಮ್ಮಿಯನ್ನು ಕಟ್ಟಿರುತ್ತಾರೆ. ಕಣ್ಣನ್ನು ಚಿತ್ರದಿಂದ ಹೊರಗೆಳೆಯುವ ಅನಗತ್ಯ ಗೆರೆ ಎಂದು ವಿಮರ್ಶಕರು ಅದನ್ನು ನೀಟಾಗಿ ಅಳಿಸಿಹಾಕಿದ್ದರು. ಸಂಯೋಜನೆ ಸುಧಾರಿಸಿತ್ತು ಎಂಬುದನ್ನು ಒಪ್ಪುತ್ತೇನೆ, ಆದರೆ ಆಷಾಢದ ಅಲೆಯಲ್ಲಿ ಆ ದೋಣಿ ಹತ್ತು ಮಾರು ದೂರವೂ ಹೋಗುತ್ತಿರಲಿಲ್ಲ. ಅವರದು ಪೂರ್ತಿ ತಪ್ಪೂ ಅಲ್ಲ. ದಿಮ್ಮಿಗೂ ದೋಣಿಗೂ ಇರುವ ಸಂಬಂಧ ಕಾಣುವಂತೆ ನಾನು ಅಡ್ಡಗೋಲುಗಳನ್ನು ಬಿಡಿಸಿರಲಿಲ್ಲ. ಈಗ ಕೋನ ಬದಲಿಸಿ, ಹಗ್ಗದ ಗಂಟುಗಳೂ ಕಾಣುವ ಹಾಗೆ ಬರೆದಿದ್ದೇನೆ.

ಶುಲ್ಕದಲ್ಲಿ ಒಂದು ಸುತ್ತಿನ ಮರುಪ್ರಶ್ನೆಗೆ ಅವಕಾಶವಿತ್ತು. ಒತ್ತಕ್ಷರ ಮತ್ತು ದೋಣಿಯ ವಿಷಯವನ್ನು ವಿವರವಾಗಿ ಬರೆದು ಕಳಿಸಿದರೆ, ಎಲ್ಲರಿಗೂ ಕಳಿಸುವಂತಿದ್ದ ನಾಲ್ಕು ಸಾಲಿನ ಧನ್ಯವಾದ ಬಂತು. ಇಷ್ಟಾಗಿಯೂ ಎರಡನೆಯ ಅಧ್ಯಾಯವನ್ನು ಅವರಿಗೇ ಕಳಿಸಲಿದ್ದೇನೆ. ಗುಳ್ಳೆಗಳನ್ನು ಖಾಲಿ ಬಿಟ್ಟು, ಮೊದಲ ಪುಟದ ಜೊತೆಗೆ ಆ ದೋಣಿಯ ಒಂದು ಫೋಟೊ ಇಟ್ಟು.