ನೈಲಾನ್, ಮರ, ಕಾರ್ಬನ್: ನಿಮ್ಮ ವಿಮಾನಕ್ಕೆ ಯಾವ ಪ್ರೊಪೆಲರ್?

2212 ಗಾತ್ರದ ಮೋಟರ್, 1000 ಕೆವಿ (ಹೊರೆಯಿಲ್ಲದಾಗ ಪ್ರತಿ ವೋಲ್ಟಿಗೆ ನಿಮಿಷಕ್ಕೆ 1000 ಸುತ್ತು, ಅಂದರೆ ಆರ್‌ಪಿಎಂ), 3 ಸೆಲ್ ಲಿಪೊ ಬ್ಯಾಟರಿ. ರಿಮೋಟ್‌ನಿಂದ ಹಾರಿಸುವ, ಹೊಸಬರ ಎಷ್ಟೋ ಫೋಮ್ ಮಾದರಿ ವಿಮಾನಗಳಲ್ಲಿ ಇರುವುದು ಇದೇ ಜೋಡಿ. ಜೊತೆಗೆ ಸಾಮಾನ್ಯವಾಗಿ ಬರುವುದು 10x4.7 ಸ್ಲೋ ಫ್ಲೈಯರ್ (ನಿಧಾನ ಹಾರಾಟದ) ಪ್ರೊಪೆಲರ್. ಮೊದಲ ಅಂಕಿ ಇಂಚಿನಲ್ಲಿ ವ್ಯಾಸ, ಎರಡನೆಯದು ಪಿಚ್, ಅಂದರೆ ಒಂದು ಸುತ್ತಿಗೆ ಲೆಕ್ಕದ ಪ್ರಕಾರ ಮುಂದೆ ಸಾಗುವ ಇಂಚು. ಎಳೆತವೇನೋ ಚೆನ್ನಾಗಿದೆ. ಆದರೆ ಪ್ರೊಪೆಲರ್ ತಯಾರಿಸುವ ಎಪಿಸಿ ಕಂಪನಿ ತನ್ನ ಸ್ಲೋ ಫ್ಲೈಯರ್‌ಗಳಿಗೆ ಹಾಕಿರುವ ಮಿತಿ ನೋಡಿ: 65,000ವನ್ನು ಇಂಚಿನ ವ್ಯಾಸದಿಂದ ಭಾಗಿಸಬೇಕು. 10 ಇಂಚಿಗೆ ಬರುವುದು 6,500 ಆರ್‌ಪಿಎಂ ಮಾತ್ರ. ತುಂಬಿದ ಬ್ಯಾಟರಿಯಲ್ಲಿ ಪೂರ್ತಿ ಥ್ರಾಟಲ್ ಕೊಟ್ಟರೆ ಈ ಮೋಟರ್ 7,000 ದಾಟಬಲ್ಲದು. ತೆಳ್ಳಗಿನ ಅಲಗು ತಿರುಚಿಕೊಂಡು ಫಡಫಡ ಸದ್ದು ಮಾಡುತ್ತದೆ, ಹಬ್‌ (ಅಲಗುಗಳು ಸೇರುವ ನಡುಭಾಗ) ಹತ್ತಿರ ಬಿಳಿ ಗೆರೆ ಮೂಡುತ್ತದೆ. ಆ ಗೆರೆ ಕಂಡ ದಿನವೇ ಅದನ್ನು ತೆಗೆದುಹಾಕಿ.

ಅದೇ ಕಂಪನಿಯ ಥಿನ್ ಎಲೆಕ್ಟ್ರಿಕ್ ಸರಣಿಯ 9x4.5 ಹಾಕಿದರೆ ಈ ತಲೆನೋವಿಲ್ಲ. 9 ಇಂಚಿಗೆ 16,000 ಆರ್‌ಪಿಎಂ ಕೂಡ ಮಿತಿಯೊಳಗೇ ಬರುತ್ತದೆ. ಆದ್ದರಿಂದ ಅಂಗಡಿಯಲ್ಲಿ ‘ನೈಲಾನ್’ ಎಂದು ಹೇಳಿದರೆ ಸಾಲದು, ಯಾವ ಸರಣಿ ಎಂದು ಕೇಳಿ.

ಗಾಜಿನ ನಾರು ಬೆರೆಸಿದ ನೈಲಾನ್ ನಮ್ಮ ಮೊದಲ ಆಯ್ಕೆ. ಪೆಟ್ಟು ತಡೆಯುತ್ತದೆ, ಪಿಚ್ ಒಂದೇ ಸಮ ಇರುತ್ತದೆ, ಬೆಲೆಯೂ ಕೈಗೆಟುಕುತ್ತದೆ. 46 ಗಾತ್ರದ (0.46 ಘನ ಇಂಚು), ಮೆಥನಾಲ್ ಇಂಧನದ ಗ್ಲೋ ಎಂಜಿನ್‌ಗೆ 11x6 ಸಾಕು. ಅಚ್ಚಿನಿಂದ ಉಳಿದ ಅಂಚು ಚಾಕುವಿನಂತೆ ಕೊಯ್ಯುತ್ತದೆ, 400 ನಂಬರಿನ ಮರಳು ಕಾಗದದಿಂದ ಹಗುರಾಗಿ ಉಜ್ಜಿಯೇ ಹಾಕಿ. ಗಾಜು ಬೆರೆಸದ ಬರಿ ನೈಲಾನ್ ಒಣ ಹವೆಯಲ್ಲಿ ತೇವ ಕಳೆದುಕೊಂಡು ಪೆಡಸಾಗುತ್ತದೆ. ಅದನ್ನು 15–20 ನಿಮಿಷ ನೀರಿನಲ್ಲಿ ಕುದಿಸಿ, ಅದೇ ನೀರಿನಲ್ಲಿ ಆರಲು ಬಿಡುವುದು ಹಳೆಯ ರೂಢಿ.

20 ಸಿಸಿ ಮೇಲಿನ ಪೆಟ್ರೋಲ್ ಎಂಜಿನ್‌ಗೆ ಆದರೆ ಮರವೇ ಸರಿ. ಕ್ಸೋರ್ ಕಂಪನಿಯದರಂಥ ಬೀಚ್ ಮರದ ಪ್ರೊಪೆಲರ್ ಹಗುರ, ಗಟ್ಟಿ. ಅದರ ದೊಡ್ಡ ಗುಣ ಮುರಿಯುವುದು! ಇಳಿಯುವಾಗ ಮೂಗು ನೆಲಕ್ಕೆ ಬಡಿದರೆ ಅಲಗು ಚೂರಾಗಿ ಕ್ರ್ಯಾಂಕ್‌ಶಾಫ್ಟ್ ಉಳಿಯುವ ಸಾಧ್ಯತೆ ಹೆಚ್ಚು. ಮರ ಕೇಳುವ ಆರೈಕೆಯೂ ಇದೆ. ಮಳೆಗಾಲದಲ್ಲಿ ಉಬ್ಬಿದ ಹಬ್ ಬೇಸಿಗೆಯಲ್ಲಿ ಕುಗ್ಗುತ್ತದೆ, ಬೋಲ್ಟು ಸಡಿಲವಾಗುತ್ತದೆ. ಹೊಸದನ್ನು ಹಾಕಿ ಮೊದಲ ಹಾರಾಟ ಮುಗಿದ ಕೂಡಲೇ ಒಮ್ಮೆ ಬಿಗಿ ಮಾಡಿ, ಆಮೇಲೆ ಪ್ರತಿ ಹಾರಾಟದ ದಿನವೂ ನೋಡಿ. ಬಿಗಿಯುವಾಗ ಮರ ನಜ್ಜುಗುಜ್ಜಾಗದಂತೆ ಅಗಲವಾದ ವಾಷರ್ ಇರಲಿ.

ಕಾರ್ಬನ್ ಬಾಗುವುದಿಲ್ಲ, ಥ್ರಾಟಲ್‌ಗೆ ತಕ್ಷಣ ಓಗೊಡುತ್ತದೆ. ಏರೋಬ್ಯಾಟಿಕ್ಸ್‌ ಮಾಡುವವರಿಗೆ ಆ ಸುಖ ಗೊತ್ತು. ಆದರೆ ನೆಲಕ್ಕೆ ತಾಗಿದ ಪೆಟ್ಟನ್ನು ನೇರ ಶಾಫ್ಟ್‌ಗೆ ದಾಟಿಸುತ್ತದೆ, ಬೆಲೆಯೂ ಜಾಸ್ತಿ. ಲ್ಯಾಂಡಿಂಗ್ ಇನ್ನೂ ಕೈಗೆ ಕೂರದವರು ದಯವಿಟ್ಟು ಕೊಳ್ಳಬೇಡಿ. ಅಂಚು ಉಜ್ಜುವುದಾದರೆ ನೀರು ಹಾಕಿ ಉಜ್ಜಿ, ಮಾಸ್ಕ್ ಹಾಕಿಕೊಳ್ಳಿ. ಆ ಧೂಳು ಶ್ವಾಸಕೋಶಕ್ಕೆ ಹೋಗಬಾರದು.

ಯಾವುದನ್ನೇ ತನ್ನಿ, ಬ್ಯಾಲೆನ್ಸ್ ಮಾಡದೆ, ಅಂದರೆ ಎರಡು ಅಲಗಿನ ತೂಕ ಸಮ ಮಾಡದೆ, ತಿರುಗಿಸಬೇಡಿ. ನೈಲಾನ್ ಆದರೆ ಭಾರದ ಅಲಗಿನ ಹಿಂಬದಿಯನ್ನು ಉಜ್ಜಿ, ಮರ ಆದರೆ ಹಗುರದ ಅಲಗಿಗೆ ಒಂದು ಪದರ ವಾರ್ನಿಷ್ ಬಳಿದು ಒಣಗಿದ ಮೇಲೆ ಮತ್ತೆ ನೋಡಿ. ಅಲಗುಗಳನ್ನು ಅಡ್ಡ ಇಟ್ಟಾಗ ಸಮವಾಗಿ ನಿಂತು, ಲಂಬವಾಗಿಟ್ಟಾಗ ಒಂದು ಪಕ್ಕಕ್ಕೆ ಜಾರಿದರೆ ದೋಷ ಹಬ್‌ನಲ್ಲಿದೆ. ಶಾಫ್ಟ್ ತೂತನ್ನು ದೊಡ್ಡದು ಮಾಡಲು ಡ್ರಿಲ್ ಬೇಡ, ಬಿಟ್ ಓರೆಯಾಗುತ್ತದೆ. ಮೆಟ್ಟಿಲು ಮೆಟ್ಟಿಲಾಗಿರುವ ರೀಮರ್ ಬಳಸಿ. ಮೊದಲ ಸಲ ಪೂರ್ತಿ ವೇಗ ಕೊಡುವಾಗ ಪ್ರೊಪೆಲರ್ ಸುತ್ತುವ ನೇರದಲ್ಲಿ ಯಾರೂ ನಿಲ್ಲಬಾರದು, ಪಕ್ಕದಲ್ಲಿ ನಿಂತು ನೋಡುವ ಮಕ್ಕಳಂತೂ ಖಂಡಿತ ಬೇಡ.