ಬಿಗಿನರ್, ನಾವಿಸ್, ಅಮೆಚೂರ್: ಮೆರಿಯಮ್-ವೆಬ್‌ಸ್ಟರ್ ಆನ್‌ಲೈನ್ ನಿಘಂಟಿನ ವಿಮರ್ಶೆ

ಹೊಸಬರನ್ನು ಕರೆಯಲು ಇಂಗ್ಲಿಷಿನಲ್ಲಿ ಪದಗಳಿಗೇನೂ ಬರವಿಲ್ಲ. ಒಂದರ ಬದಲು ಇನ್ನೊಂದನ್ನು ಬಳಸಿದರೆ ಕೆಲವು ಕಡೆ ನಡೆದುಹೋಗುತ್ತದೆ, ಕೆಲವು ಕಡೆ ಹೊಗಳಲು ಹೋಗಿ ತೆಗಳಿದಂತಾಗುತ್ತದೆ. ಈ ವ್ಯತ್ಯಾಸ ತಿಳಿಯಲು ಮೆರಿಯಮ್-ವೆಬ್‌ಸ್ಟರ್‌ನ ಉಚಿತ ಆನ್‌ಲೈನ್ ನಿಘಂಟು ನಿಜಕ್ಕೂ ಒಳ್ಳೆಯದು. ಆದರೆ ಮೊದಲ ಸಾಲು ಓದಿ ಪುಟ ಮುಚ್ಚುವವರಿಗಲ್ಲ.

ಅದಕ್ಕೆ ಕಾರಣ ಅರ್ಥಗಳನ್ನು ಜೋಡಿಸಿರುವ ಕ್ರಮ. ಭಾಷೆಯಲ್ಲಿ ಮೊದಲು ಹುಟ್ಟಿದ ಅರ್ಥ ಇಲ್ಲಿ ಮೊದಲು ಬರುತ್ತದೆ, ಇಂದು ಹೆಚ್ಚು ಬಳಕೆಯಲ್ಲಿರುವುದಲ್ಲ. ‘ನಾವಿಸ್’ ಎಂದು ಹುಡುಕಿ ನೋಡಿ. ಮೊದಲಿಗೆ ಸಿಗುವುದು ಧಾರ್ಮಿಕ ಸಂಘಕ್ಕೆ ಸೇರಿ ಇನ್ನೂ ಪರೀಕ್ಷಾ ಅವಧಿಯಲ್ಲಿರುವ ವ್ಯಕ್ತಿ. ನಮಗೆ ಬೇಕಾದ್ದು ಎರಡನೆಯ ಅರ್ಥ. ಅಲ್ಲೂ ವಿವರಣೆಯಿಲ್ಲ, ‘ಬಿಗಿನರ್’, ‘ಟೈರೊ’ ಎಂಬ ಎರಡು ಪದಗಳನ್ನಿಟ್ಟು ಕೈತೊಳೆದುಕೊಂಡಿದೆ. ‘ಬಿಗಿನರ್’ ಪುಟಕ್ಕೆ ಹೋದರೆ ಏನನ್ನಾದರೂ ಆರಂಭಿಸುವವರು, ಅದರಲ್ಲೂ ಅನುಭವವಿಲ್ಲದವರು ಎಂದಿದೆ. ಹೀಗಾಗಿ ಎರಡೂ ಒಂದೇ ಎಂದು ಓದುಗರು ತಿಳಿದರೆ ತಪ್ಪು ಅವರದಲ್ಲ. ಬಳಕೆಯಲ್ಲಿ ಮಾತ್ರ ಸೂಕ್ಷ್ಮ ಅಂತರವಿದೆ. ಕಲಿಕೆಯ ಆರಂಭದಲ್ಲಿರುವವರು ಬಿಗಿನರ್, ಕೋರ್ಸಿನ ಹೆಸರಿನಲ್ಲಿ ಹೆಚ್ಚಾಗಿ ಕಾಣುವುದೂ ಇದೇ. ‘ನಾವಿಸ್ ಡ್ರೈವರ್’ ಎಂದಾಗ ಒತ್ತು ಬೀಳುವುದು ಅನುಭವದ ಕೊರತೆಯ ಮೇಲೆ. ಅವರ ಕೈಯಲ್ಲಿ ಲೈಸೆನ್ಸ್ ಇದ್ದರೂ ಇರಬಹುದು.

ಈ ನಿಘಂಟಿನ ನಿಜವಾದ ಬಂಡವಾಳ ಇರುವುದು ಪುಟದ ಕೆಳಭಾಗದಲ್ಲಿ, ಸರಿಯಾದ ಸಮಾನಾರ್ಥಕ ಆರಿಸಿ ಎಂಬ ಟಿಪ್ಪಣಿಯಲ್ಲಿ. ಎಲ್ಲ ಪದಗಳಿಗೂ ಇದು ಇರುವುದಿಲ್ಲ. ‘ಅಮೆಚೂರ್’ಗೆ ಇದೆ, ಸೊಗಸಾಗಿದೆ. ಅಮೆಚೂರ್, ಡಿಲೆಟಾಂಟ್, ಡ್ಯಾಬ್ಲರ್, ಟೈರೊ ಈ ನಾಲ್ಕನ್ನೂ ಒಟ್ಟಿಗೆ ತೂಗಿ ನೋಡಿದ್ದಾರೆ. ಡಿಲೆಟಾಂಟ್‌ಗೆ ಕಲೆಯ ಮೇಲೆ ಪ್ರೀತಿಯಿದೆ, ಗಂಭೀರವಾದ ತೊಡಗುವಿಕೆಯಿಲ್ಲ. ಡ್ಯಾಬ್ಲರ್ ಹಿಡಿದದ್ದನ್ನು ಮುಂದುವರಿಸುವುದಿಲ್ಲ. ಟೈರೊಗೆ ಅನುಭವ ಕಡಿಮೆ, ಧೈರ್ಯ ಜಾಸ್ತಿ, ಅದರಿಂದಲೇ ಎಡವಟ್ಟು. ಅಮೆಚೂರ್ ಎಂದರೆ ಕಲೆಯಲ್ಲಿ ಹಿಡಿತವಿಲ್ಲದವರು, ಆದರೆ ಕ್ರೀಡೆಯಲ್ಲಿ ಹಣ ತೆಗೆದುಕೊಳ್ಳದೆ ಆಡುವವರು ಎಂದೂ ಆಗಬಹುದು.

ಈ ಕೊನೆಯ ಮಾತಿನ ತೂಕ ತಿಳಿಯಲು ಅಮೆರಿಕದ ಕ್ರೀಡಾಪಟು ಜಿಮ್ ಥಾರ್ಪ್ ಅವರ ಪ್ರಸಂಗವೊಂದೇ ಸಾಕು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಪೆಂಟಾಥ್ಲಾನ್, ಡೆಕಾಥ್ಲಾನ್ ಎರಡನ್ನೂ ಗೆದ್ದವರು ಅವರು. ಅದಕ್ಕೂ ಮುಂಚೆ ಹಣ ಪಡೆದು ಬೇಸ್‌ಬಾಲ್ ಆಡಿದ್ದರೆಂಬುದು ಹೊರಬಿದ್ದು, 1913ರಲ್ಲಿ ಪದಕಗಳನ್ನು ಕಿತ್ತುಕೊಳ್ಳಲಾಯಿತು. ಅಮೆಚೂರ್ ಅಲ್ಲ ಎಂಬುದೇ ಅವರ ಮೇಲಿದ್ದ ದೂರು, ಕೌಶಲದ ಪ್ರಶ್ನೆಯೇ ಅಲ್ಲಿರಲಿಲ್ಲ. ಎರಡೂ ಸ್ಪರ್ಧೆಗಳ ಏಕೈಕ ವಿಜೇತರೆಂದು ಅವರ ಹೆಸರು ಮತ್ತೆ ದಾಖಲೆಗೆ ಬಂದದ್ದು 2022ರಲ್ಲಿ. ‘ಅಮೆಚೂರಿಶ್’ ಎಂಬ ಗುಣವಾಚಕಕ್ಕೆ ಈ ಗೌರವದ ಮುಖವಿಲ್ಲ. ಅದು ಕೆಲಸ ಕಳಪೆ ಎಂದೇ ಹೇಳುತ್ತದೆ. ಆದ್ದರಿಂದ ಹವ್ಯಾಸಿ ಛಾಯಾಗ್ರಾಹಕರ ಕೆಲಸ ಮೆಚ್ಚಿ ಬರೆಯುವಾಗ ಇದನ್ನು ಬಳಸಲೇಬೇಡಿ.

ಪಳಗಿದವರನ್ನು ಕುರಿತ ಟಿಪ್ಪಣಿಯೂ ಗಟ್ಟಿಯಾಗಿದೆ. ಪ್ರೊಫಿಶಿಯೆಂಟ್ ಎಂದರೆ ತರಬೇತಿ, ಅಭ್ಯಾಸಗಳಿಂದ ಬಂದ ಸಾಮರ್ಥ್ಯ. ಅಡೆಪ್ಟ್‌ನಲ್ಲಿ ಸಹಜ ಪ್ರತಿಭೆಯೂ ಸೇರಿದೆ. ಎಕ್ಸ್‌ಪರ್ಟ್‌ನಲ್ಲಿ ಕೈಚಳಕದ ಜೊತೆಗೆ ಜ್ಞಾನವೂ ಇದೆ. ರೆಸ್ಯೂಮೆ ಬರೆಯುವವರು ಈ ಭಾಗವನ್ನು ಎರಡು ಸಲ ಓದಬೇಕು.

ನಿಘಂಟು ಕೈಕೊಡುವುದು ಇಲ್ಲಿಂದ ಮುಂದೆ. ಮಟ್ಟ ಅಳೆಯುವ ಪಟ್ಟಿಗಳಲ್ಲಿ ಇದೇ ಪದಗಳು ಬೇರೆ ಬೇರೆ ಮೆಟ್ಟಿಲ ಮೇಲೆ ನಿಂತಿರುತ್ತವೆ, ಅದನ್ನು ಈ ಟಿಪ್ಪಣಿಗಳು ಹೇಳುವುದಿಲ್ಲ. ಯುರೋಪಿನ ಸಿಇಎಫ್‌ಆರ್ ಭಾಷಾ ಮಾಪನದಲ್ಲಿ ಎ1, ಎ2 ಬೇಸಿಕ್, ಬಿ1, ಬಿ2 ಇಂಡಿಪೆಂಡೆಂಟ್, ಸಿ1, ಸಿ2 ಪ್ರೊಫಿಶಿಯೆಂಟ್. ಅಂದರೆ ಪ್ರೊಫಿಶಿಯೆಂಟ್ ಅಲ್ಲಿ ಎಲ್ಲಕ್ಕಿಂತ ಮೇಲೆ. ಅಮೆರಿಕದ ಪ್ರಾಧ್ಯಾಪಕರಾಗಿದ್ದ ಡ್ರೇಫಸ್ ಸಹೋದರರ ಕೌಶಲ ಮಾದರಿಯ ಐದು ಹಂತಗಳಲ್ಲಿ ಅದಕ್ಕೆ ನಾಲ್ಕನೆಯ ಜಾಗ, ಮೇಲೆ ಎಕ್ಸ್‌ಪರ್ಟ್ ಇದೆ. ಅದೇ ಮಾದರಿಯಲ್ಲಿ ನಾವಿಸ್ ಮೊದಲ ಹಂತ, ಅಡ್ವಾನ್ಸ್‌ಡ್ ಬಿಗಿನರ್ ಎರಡನೆಯದು. ನಿಘಂಟು ಸಮಾನಾರ್ಥಕ ಎಂದ ಪದಗಳ ನಡುವೆ ಇಲ್ಲಿ ಒಂದು ಮೆಟ್ಟಿಲಿನ ಅಂತರ. ಹಾಗಾಗಿ ಅರ್ಜಿಯಲ್ಲಿ ‘ಪ್ರೊಫಿಶಿಯೆಂಟ್’ ಎಂದಷ್ಟೇ ಬರೆದು ಬಿಡಬೇಡಿ, ಯಾವ ಮಾಪನ ಎಂದೂ ಸೇರಿಸಿ. ಸಿ1 ಎಂದರೆ ಯಾರಿಗೂ ಗೊಂದಲವಿಲ್ಲ.

ಬಳಸುವ ಕ್ರಮ ಹೀಗಿರಲಿ. ಪದ ಹುಡುಕಿ, ಕೊಟ್ಟಿರುವ ಅರ್ಥಗಳನ್ನೆಲ್ಲ ಓದಿ, ಕೆಳಗಿನ ಟಿಪ್ಪಣಿಗೆ ಇಳಿಯಿರಿ. ಟಿಪ್ಪಣಿ ಇಲ್ಲದಿದ್ದರೆ ಉದಾಹರಣೆ ವಾಕ್ಯಗಳಲ್ಲಿ ಪದದ ಅಕ್ಕಪಕ್ಕ ಏನಿದೆ ನೋಡಿ. ‘ರೂಕಿ’ ವೃತ್ತಿಪರ ಕ್ರೀಡೆಯ ಮೊದಲ ವರ್ಷದವರಿಗೂ ಸಲ್ಲುತ್ತದೆ. ಅಂಥವರು ತಂಡದ ಅತ್ಯುತ್ತಮ ಆಟಗಾರರೇ ಆಗಿರಬಹುದು. ‘ಜರ್ನಿಮನ್’ ನೋಡುವಾಗ ಇನ್ನೂ ಎಚ್ಚರ ಬೇಕು. ಕಸುಬು ಕಲಿತು ಇನ್ನೊಬ್ಬರ ಕೈಕೆಳಗೆ ದುಡಿಯುವವರು ಎಂಬುದು ಮೊದಲ ಅರ್ಥ. ಆಟಗಾರರಿಗೋ ಕಲಾವಿದರಿಗೋ ಹೇಳಿದಾಗ ನಂಬಬಹುದಾದವರು, ಆದರೆ ಮಿಂಚುವವರಲ್ಲ ಎಂದಾಗುತ್ತದೆ.

ಇಂಗ್ಲಿಷ್ ಇನ್ನೂ ಸಲೀಸಾಗಿ ಓದಲು ಬಾರದವರಿಗೆ ಈ ಟಿಪ್ಪಣಿಗಳ ಭಾಷೆಯೇ ಕಬ್ಬಿಣದ ಕಡಲೆ. ಅವರು ಇದೇ ಸಂಸ್ಥೆ ಕಲಿಯುವವರಿಗಾಗಿ ಮಾಡಿದ್ದ, ಈಗ ಆನ್‌ಲೈನ್‌ನಲ್ಲಿ ಬ್ರಿಟಾನಿಕಾ ಡಿಕ್ಷನರಿ ಎಂಬ ಹೆಸರಿನಲ್ಲಿ ಸಿಗುವ ಲರ್ನರ್ಸ್ ಡಿಕ್ಷನರಿಯಿಂದ ಶುರುಮಾಡಲಿ. ಅಲ್ಲಿನ ವಿವರಣೆ ಸರಳ, ಉದಾಹರಣೆಗಳೂ ಧಾರಾಳ.